ನಳಿಗೆಯೊಳಗಿನ ಹೊಳಪು

ಆ ಊರಿನಲ್ಲಿ ಕೋವಿ ರಿಪೇರಿ ಮಾಡುವ ಅಂಗಡಿ ಇದ್ದದ್ದು ಒಂದೇ. ಅದರ ಯಜಮಾನನಿಗೆ ಊರವರು ಇಟ್ಟ ಹೆಸರು ಕನ್ನಡಿ ಮಿಸ್ತ್ರಿ. ಅವನ ಕೈಯಿಂದ ಹೊರಬಿದ್ದ ಕೋವಿಯ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ, ಆ ತುದಿಯಿಂದ ಈ ತುದಿಯವರೆಗೆ ಥಳಥಳ ಹೊಳೆಯುತ್ತಿತ್ತು. ಅಪ್ಪ ಕಲಿಸಿದ ಕೆಲಸ. ಮೊದಲು ಎಣ್ಣೆ ಬಟ್ಟೆ, ಆಮೇಲೆ ನಳಿಗೆಯೊಳಗೆ ತೂರಿಸುವ ಉದ್ದನೆಯ ಸರಳಿಗೆ, ಅಂದರೆ ಗಜಕ್ಕೆ, ಬಿಗಿಯಾಗಿ ಸುತ್ತಿದ ಉಣ್ಣೆ ಚಿಂದಿ, ಅದಕ್ಕೆ ನುಣ್ಣನೆಯ ಪಾಲಿಶ್ ಪುಡಿ, ಹಿಂದೆ ಮುಂದೆ ನೂರು ಸಲ. ಹೊಳೆಯದ ನಳಿಗೆಯನ್ನು ಅವನು ಗಿರಾಕಿಗೆ ವಾಪಸು ಕೊಟ್ಟವನೇ ಅಲ್ಲ. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು, ಇವನು ಅದನ್ನು ಪದಕದಂತೆ ಎದೆಯ ಮೇಲೆ ಹೊತ್ತು ತಿರುಗುತ್ತಿದ್ದ. ಇಪ್ಪತ್ತು ವರ್ಷ ಎಲ್ಲರೂ ಹೊಗಳುತ್ತಲೇ ಇದ್ದರೆ ಯಾರಿಗಾದರೂ ಸ್ವಲ್ಪ ತಲೆ ತಿರುಗುತ್ತದೆ.

ಅರಣ್ಯ ಕಚೇರಿಯವರೂ ಅವನ ಮೊಹರು ಬಿದ್ದ ಕಾಗದವನ್ನು ಕಣ್ಣು ಮುಚ್ಚಿ ನಂಬುತ್ತಿದ್ದರು. ಮೂರು ತಿಂಗಳ ಹಿಂದೆ ಅವನು ಅಂಥದ್ದೊಂದು ಕಾಗದವನ್ನು ಸ್ವಂತ ಭಾವನ ಕೋವಿಗೆ ಬರೆದುಕೊಟ್ಟಿದ್ದ. 'ನಳಿಗೆ ಪರೀಕ್ಷಿಸಿದೆ, ಕನ್ನಡಿಯಂತಿದೆ, ಯಾವ ದೋಷವೂ ಇಲ್ಲ.' ಕೆಳಗೆ ಸಹಿ, ಸಹಿಯ ಮೇಲೆ ಮೊಹರು. ಆ ಒಂದು ಸಾಲು ಭಾವನ ಬದುಕನ್ನು ತಲೆಕೆಳಗು ಮಾಡಿತ್ತು.

ಭಾವ ಅಂದರೆ ಮಿಸ್ತ್ರಿಯ ಅಕ್ಕನ ಗಂಡ. ಊರಂಚಿನ ಹೊಲ, ತಿಪ್ಪೆ, ಶಾಲೆಯ ಮೈದಾನಕ್ಕೆ ಕಾಡುಹಂದಿ ನುಗ್ಗಿದಾಗ ಹೊಡೆಯಲು ಕಚೇರಿಯವರು ನೇಮಿಸಿಕೊಂಡಿದ್ದ ಬೇಟೆಗಾರ. ಹಂದಿಗೆ ಸಣ್ಣ ಕಾಳುಗಳ ಚರೆ ಹೊಡೆದರೆ ಸಾಯುವುದಿಲ್ಲ, ಗಾಯಗೊಂಡು ಇನ್ನಷ್ಟು ರೊಚ್ಚಿಗೇಳುತ್ತದೆ. ಆದ್ದರಿಂದ ಅವನಿಗೆ ಕೊಡುತ್ತಿದ್ದದ್ದು ಒಂಟಿ ಗುಂಡಿನ ತೋಟಾ, ಹೆಬ್ಬೆರಳ ಗಾತ್ರದ ಒಂದೇ ಒಂದು ಸೀಸದ ಉಂಡೆ. ಅದು ಗುರಿ ಇಟ್ಟ ಕಡೆಗೇ ಹೋಗಬೇಕು, ಬೇರೆ ಕಡೆ ಹೋದರೆ ದೇವರೇ ಗತಿ. ಇಪ್ಪತ್ತೆರಡು ವರ್ಷ ಅದು ಅವನು ಹೇಳಿದ ಕಡೆಗೇ ಹೋಗಿತ್ತು. ಈ ವರ್ಷ ಮಾತ್ರ ಮೂರು ಸಲ ತಪ್ಪಿತು. ಮೂರನೆಯದು ಹಾಲಿನ ಡೈರಿಯ ತಗಡಿನ ಗೋಡೆಯನ್ನು ಸೀಳಿಕೊಂಡು ಹೋಗಿ, ಒಳಗೆ ಕ್ಯಾನು ತೊಳೆಯುತ್ತಿದ್ದ ಹೆಂಗಸಿನ ಕೈಯಿಂದ ಕ್ಯಾನನ್ನೇ ಹಾರಿಸಿತ್ತು. ಗೇಣುದ್ದ ಈಚೆಗೆ ಬಂದಿದ್ದರೆ ಅವಳೇ ಇರುತ್ತಿರಲಿಲ್ಲ.

ಆಗ ಕಚೇರಿಯವರು ಕೇಳಿದ್ದು ಒಂದೇ ಪ್ರಶ್ನೆ, ತಪ್ಪು ಕೋವಿಯದ್ದೋ ಮನುಷ್ಯನದ್ದೋ ಎಂದು. ಕೋವಿಯದ್ದಲ್ಲ ಎಂದು ಮಿಸ್ತ್ರಿ ಮೊಹರು ಒತ್ತಿ ಹೇಳಿದ. ಇನ್ನುಳಿದದ್ದು ಮನುಷ್ಯ. ಕೊಟ್ಟಿದ್ದ ತೋಟಾಗಳನ್ನೆಲ್ಲ ಕಚೇರಿಯವರು ಹಿಂದಕ್ಕೆ ಪಡೆದರು. ಮೂರು ತಿಂಗಳು ಬಿಟ್ಟು ಒಂದು ಪರೀಕ್ಷೆ ಇಟ್ಟರು. ಐವತ್ತು ಮೀಟರು ದೂರ, ಊಟದ ತಟ್ಟೆಯಷ್ಟು ಅಗಲದ ವೃತ್ತ, ಐದು ಗುಂಡು. ಮೂರಾದರೂ ಒಳಗೆ ಬಿದ್ದರೆ ಕೆಲಸ ಉಳಿಯಿತು. ಇಲ್ಲವಾದರೆ ಕೆಲಸವೂ ಹೋಯಿತು, ಕೋವಿಯೂ ಹೋಯಿತು. ಆ ಪರೀಕ್ಷೆ ಇದ್ದದ್ದು ಇವತ್ತು, ಸಂಜೆ ನಾಲ್ಕಕ್ಕೆ.

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅಕ್ಕ ಅಂಗಡಿಗೆ ಬಂದಳು. ಕೋವಿಯ ನಳಿಗೆಯನ್ನು ಕಳಚಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಾ ಇನ್ನೂರು ಜನಕ್ಕೆ ಬೇಯಿಸಿ ಹಾಕುವವಳು ಅವಳು. ಎಂಥ ದೊಡ್ಡ ಹಂಡೆಯನ್ನಾದರೂ ಒಬ್ಬಳೇ ಇಳಿಸುವ ಗಟ್ಟಿಗಿತ್ತಿ. ಇವತ್ತು ಅವಳ ಮುಖ ಬಾಡಿಹೋಗಿತ್ತು. ಕೂರು ಎಂದರೆ ಕೂರಲಿಲ್ಲ.

"ಬೈಬೇಡ ಕಣೋ. ಇವತ್ತು ಪರೀಕ್ಷೆ ಅಲ್ವಾ, ಬೆಳಿಗ್ಗೆ ನಾನೇ ಒಂದು ಸಲ ಇದನ್ನ ಉಜ್ಜಿಬಿಟ್ಟೆ. ಹೊಸ ತಾಮ್ರದ ನಾರು ಇತ್ತು, ತಳ ಹಿಡಿದ ಪಾತ್ರೆ ತಿಕ್ಕೋಕೆ ತಂದಿದ್ದು. ಕೋಲಿಗೆ ಸುತ್ತಿ ತಿಕ್ಕಿದೆ. ಏನೋ ಚೂರು ಉದುರ್ತು. ಹಾಳು ಮಾಡಿದ್ನೇನೋ?"

ಮಿಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ಉಣ್ಣೆಯಲ್ಲಿ ನೂರು ಸಲ ಸವರಿ ಹೊಳಪು ತಂದ ನಳಿಗೆಗೆ ಪಾತ್ರೆ ತಿಕ್ಕುವ ನಾರು! ಇವಳ ತಲೆಯಲ್ಲಿ ಏನಿದೆ, ಇದೇನು ಸಾಂಬಾರಿನ ಡಬರಿಯೇ, ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅಂಗಡಿಯಿಂದ ಆಚೆಗೆ ಅಟ್ಟುತ್ತಿದ್ದೆ ಎಂದೆಲ್ಲ ಕೂಗಾಡಿದ. ಅಕ್ಕ ಸೆರಗಿನ ಗಂಟು ಬಿಚ್ಚಿ, ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಉಗುರಿನಷ್ಟು ಅಗಲದ, ಬೂದುಬಣ್ಣದ ಚೂರೊಂದಿತ್ತು. ಮಿಸ್ತ್ರಿ ಅದನ್ನು ಚಿಮಟದಲ್ಲಿ ಎತ್ತಿಕೊಂಡ. ಒತ್ತಿದ, ಬಾಗಿತು. ಕಾಗದದ ಮೇಲೆ ಎಳೆದ, ಪೆನ್ಸಿಲಿನಂತೆ ಬೂದುಬಣ್ಣದ ಗೆರೆ ಮೂಡಿತು. ಉಕ್ಕು ಬಾಗುವುದಿಲ್ಲ, ಕಾಗದದ ಮೇಲೆ ಬರೆಯುವುದೂ ಇಲ್ಲ. ಅದು ಸೀಸ.

ನಳಿಗೆಯನ್ನು ಕಿಟಕಿಗೆ ಹಿಡಿದು ನೋಡಿದ. ಅಕ್ಕ ತಿಕ್ಕಿದಲ್ಲೆಲ್ಲ ಗೀರುಗಳು. ಆದರೆ ಗೀರು ಬಿದ್ದದ್ದು ಉಕ್ಕಿನ ಮೇಲಲ್ಲ, ಉಕ್ಕಿನ ಮೇಲಿದ್ದ ಇನ್ನೊಂದು ಪದರದ ಮೇಲೆ. ಪದರ ಎದ್ದುಹೋದ ಜಾಗದಲ್ಲಿ ಅಸಲಿ ನಳಿಗೆ ಕಪ್ಪಗೆ, ತಣ್ಣಗೆ ಕಾಣುತ್ತಿತ್ತು. ಸುತ್ತಲೂ ಹೊಳೆಯುತ್ತಿದ್ದದ್ದೆಲ್ಲ ಸೀಸ. ಒಂಟಿ ಗುಂಡು ಮೆತ್ತನೆಯ ಸೀಸದ್ದು. ಹಾರುವಾಗ ಬಿಸಿಗೂ ವೇಗಕ್ಕೂ ಅದರ ಮೈ ಚೂರುಚೂರೇ ಸವೆದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಮುಂದಿನ ಗುಂಡು ಅದರ ಮೇಲೆ ಉಜ್ಜಿಕೊಂಡು ಹೋಗಿ ಇನ್ನಷ್ಟು ಬಿಟ್ಟುಹೋಗುತ್ತದೆ. ಕೊನೆಗೆ ಒಂದು ದಿನ ಗುಂಡು ಒಂದು ಪಕ್ಕದಲ್ಲಿ ಸವೆದು ಸೊಟ್ಟಗಾಗಿಯೇ ಹೊರಬೀಳುತ್ತದೆ, ಮನಸ್ಸಿಗೆ ಬಂದತ್ತ ಹೋಗುತ್ತದೆ. ಇದನ್ನೆಲ್ಲ ಮಿಸ್ತ್ರಿ ಬಲ್ಲ. ಬಲ್ಲವನೇ ವರ್ಷವರ್ಷವೂ ಕೂತು ಆ ಸೀಸಕ್ಕೆ ಪಾಲಿಶ್ ಹಾಕಿದ್ದ. ಉಣ್ಣೆ ಚಿಂದಿ ಸೀಸವನ್ನು ಕಿತ್ತಿರಲಿಲ್ಲ, ಸವರಿ ಸವರಿ ನುಣ್ಣಗೆ ಮಾಡಿತ್ತು. ಹೊಳೆಯಿತಲ್ಲ, ಅಷ್ಟಕ್ಕೇ ಅವನು ಮೊಹರು ಒತ್ತಿದ್ದ.

ಅವನಿಗೆ ಡೈರಿಯ ಹೆಂಗಸು ನೆನಪಾದಳು. ಭಾವ ನೆನಪಾದ. ಆಮೇಲೆ, ಹೇಳಿಕೊಳ್ಳಲು ನಾಚಿಕೆಯ ಸಂಗತಿ, ತನ್ನ ಮೊಹರು ಬಿದ್ದ ಇನ್ನೂ ನಲವತ್ತು ಕೋವಿಗಳು ನೆನಪಾದವು, ಅವುಗಳ ಯಜಮಾನರೆಲ್ಲ ಅಂಗಡಿಯ ಮುಂದೆ ಬಂದು ನಿಂತ ಹಾಗಾಯಿತು.

ಅಕ್ಕ ಮನೆಯ ಪಾಡು ಹೇಳತೊಡಗಿದಳು. ಅವಳ ಗಂಡ ಮೂರು ತಿಂಗಳಿಂದ ಸ್ಕೂಟರ್ ಮುಟ್ಟಿಲ್ಲ, ಕಣ್ಣು ಕಾಣದವನು ಯಾರ ಮೇಲೋ ಹತ್ತಿಸಿಬಿಟ್ಟೇನು ಅನ್ನುತ್ತಾನೆ. ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಿಲ್ಲ. ಎದುರುಮನೆಯ ಗೇಟಿನ ನಂಬರನ್ನು ಒಂದು ಕಣ್ಣು ಮುಚ್ಚಿ ಓದುತ್ತಾನೆ, ಇನ್ನೊಂದು ಕಣ್ಣು ಮುಚ್ಚಿ ಓದುತ್ತಾನೆ. ಮಿಕ್ಕ ಹೊತ್ತೆಲ್ಲ ಖಾಲಿ ಕೋವಿ ಹಿಡಿದು ಗೋಡೆಗೆ ಗುರಿ ಇಡುತ್ತ ಕೂರುತ್ತಾನೆ. ನಗಿಸುತ್ತಿದ್ದ ಮನುಷ್ಯ ಈಗ ನಗಿಸಿದರೂ ನಗುವುದಿಲ್ಲ.

"ನೀನು ಕೋವಿ ಸರಿ ಇದೆ ಅಂದಿದ್ದಕ್ಕೆ ಕೇಳ್ತಿದೀನಿ. ನಿಜವಾಗ್ಲೂ ಅವರ ಕಣ್ಣು ಹೋಗಿದೆಯೇನೋ?"

ಹೇಳುವ ಹೊತ್ತು ಇದೇ ಆಗಿತ್ತು. ಮಿಸ್ತ್ರಿ ಆ ಚೂರನ್ನು ಕಾಗದದಲ್ಲಿ ಮಡಿಸಿ ಡ್ರಾಯರಿಗೆ ತಳ್ಳಿದ. ಇದು ಹಳೆಯ ಎಣ್ಣೆ ಗಟ್ಟಿಯಾದದ್ದು, ನಳಿಗೆಗೆ ಏನೂ ಆಗಿಲ್ಲ, ಒಂದು ಸಲ ಕ್ಲೀನ್ ಮಾಡಿ ತಾನೇ ನಾಲ್ಕು ಗಂಟೆಗೆ ಅಲ್ಲಿಗೆ ತರುತ್ತೇನೆ, ನೀನು ಮನೆಗೆ ಹೋಗು ಎಂದ. ಅಕ್ಕ ನಂಬಿ ಹೊರಟಳು. ಹೊರಡುವಾಗ ಕೂಗಾಡಿದ ತಮ್ಮನಿಗೇ ಸಮಾಧಾನ ಹೇಳುವಂತೆ ಬೆನ್ನು ಸವರಿ ಹೋದಳು. ಆ ಕೈ ಬೆನ್ನ ಮೇಲಿಂದ ಹೋದ ಮೇಲೂ ಮಿಸ್ತ್ರಿಗೆ ಅಲ್ಲಿ ಚುಚ್ಚಿದ ಹಾಗೆ ಆಗುತ್ತಿತ್ತು.

ಅವನ ಲೆಕ್ಕಾಚಾರ ಸುಲಭದ್ದು. ಸೀಸವೆಲ್ಲ ತೆಗೆದುಬಿಟ್ಟರೆ ಗುಂಡು ನೇರ ಹೋಗುತ್ತದೆ. ಭಾವ ಗೆಲ್ಲುತ್ತಾನೆ, ಕೆಲಸ ಉಳಿಯುತ್ತದೆ, ಏನೋ ನಡುವೆ ಗ್ರಹಚಾರ ಕೆಟ್ಟಿತ್ತು ಎಂದು ಎಲ್ಲರೂ ಮರೆಯುತ್ತಾರೆ. ಯಾರಿಗೂ ಏನೂ ಹೇಳುವ ಅಗತ್ಯವೇ ಬೀಳುವುದಿಲ್ಲ. ಆರು ಗಂಟೆ ಹೊತ್ತು ಇದೆ. ಅಂಗಡಿಯ ಬಾಗಿಲು ಎಳೆದು ಒಳಗಿನಿಂದ ಚಿಲಕ ಹಾಕಿದ.

ಕೈಗೆ ರಬ್ಬರ್ ಗ್ಲೌಸ್ ಏರಿಸಿ, ನಳಿಗೆಯ ಒಂದು ಬಾಯಿಗೆ ಬಿರಡೆ ಜಡಿದು, ತುಕ್ಕು ಬಿಡಿಸುವ ತೆಳು ಎಣ್ಣೆ ತುಂಬಿ ನಿಲ್ಲಿಸಿದ. ಎಣ್ಣೆ ಸೀಸದ ಅಂಚಿನ ಕೆಳಗೆ ಇಳಿಯಬೇಕು, ಅದಕ್ಕೆ ಹೊತ್ತು ಬೇಕು. ಅಪ್ಪನ ಕಾಲದಲ್ಲಾದರೆ ಪಾದರಸ ಸುರಿಯುತ್ತಿದ್ದರು, ಅರ್ಧ ಗಂಟೆಯಲ್ಲಿ ಸೀಸವನ್ನು ನುಂಗಿಬಿಡುತ್ತಿತ್ತು. ಅದರ ಹೊಗೆ ಕುಡಿದೇ ಅಪ್ಪನ ಕೈ ಕೊನೆಕೊನೆಗೆ ಲೋಟ ಹಿಡಿಯಲಾಗದಷ್ಟು ನಡುಗುತ್ತಿತ್ತು. ಅದು ಬೇಡ. ಡ್ರಿಲ್ ಮಿಶಿನ್ನಿಗೆ ಬ್ರಶ್ ಸಿಕ್ಕಿಸಿದರೆ ಬೇಗ ಆಗುತ್ತದೆ, ಆದರೆ ಕೈ ಒಂಚೂರು ವಾಲಿದರೆ ನಳಿಗೆಯ ಬಾಯಿಯೇ ಹಾಳು. ಅದೂ ಬೇಡ. ಉಳಿದದ್ದು ಅಕ್ಕನ ದಾರಿಯೇ. ಹಿತ್ತಾಳೆ ಬ್ರಶ್ಶಿಗೆ ತಾಮ್ರದ ನಾರು ಬಿಗಿಯಾಗಿ ಸುತ್ತಿ ಉಜ್ಜುವುದು. ತಾಮ್ರ ಉಕ್ಕಿಗಿಂತ ಮೆತ್ತಗೆ, ಸೀಸಕ್ಕಿಂತ ಗಟ್ಟಿ. ಸೀಸವನ್ನು ಕಿತ್ತು ತರುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಇಷ್ಟು ಸರಳವಾದದ್ದು ಅಡುಗೆಮನೆಯವಳಿಗೆ ಹೊಳೆಯಿತು, ತನಗೆ ಹೊಳೆಯಲಿಲ್ಲ.

ಹನ್ನೊಂದೂವರೆಗೆ ಬಿರಡೆ ತೆಗೆದು ಶುರು ಮಾಡಿದ. ಮೊದಲ ಇಪ್ಪತ್ತು ಎಳೆತಕ್ಕೆ ಕಪ್ಪು ಎಣ್ಣೆ ಬಂತು. ಮುಂದಿನ ಇಪ್ಪತ್ತಕ್ಕೆ ಬಿಳಿ ಬಟ್ಟೆಯ ಮೇಲೆ ಬೂದುಬಣ್ಣದ ಸಿಪ್ಪೆಗಳು ಬಂದವು, ಒಂದೊಂದೂ ಅರ್ಧ ಬೆರಳುದ್ದ. ತೋಟಾ ಕೂರುವ ಜಾಗ ದಾಟಿದ ಮೇಲಿನ ಒಂದು ಗೇಣಿನಲ್ಲೇ ಹೆಚ್ಚು. ಮಿಸ್ತ್ರಿ ಬೆವರುತ್ತ, ಹಲ್ಲು ಕಚ್ಚಿಕೊಂಡು ಉಜ್ಜಿದ. ಎಷ್ಟು ತೆಗೆದರೂ ಇನ್ನಷ್ಟು ಬರುತ್ತಿತ್ತು. ಒಂದು ಗಂಟೆಗೆ, ಹೀಗಾದರೆ ಮುಗಿಯುವುದಿಲ್ಲ ಎಂದು ಅವಸರಕ್ಕೆ ನಾರನ್ನು ಎರಡು ಸುತ್ತು ಹೆಚ್ಚು ಸುತ್ತಿ ಒಳಗೆ ತಳ್ಳಿದ. ಗೇಣುದ್ದ ಹೋಗಿ ಬ್ರಶ್ ಸಿಕ್ಕಿಕೊಂಡಿತು.

ತಳ್ಳಿದ, ಹೋಗಲಿಲ್ಲ. ಎಳೆದ, ಬರಲಿಲ್ಲ. ತಿರುಗಿಸಿದರೆ ಗಜದ ತಿರುಪು ಬಿಚ್ಚಿಕೊಂಡು ಬ್ರಶ್ ಒಳಗೇ ಉಳಿದೀತು. ಸುತ್ತಿಗೆ ತೆಗೆದುಕೊಂಡರೆ ನಳಿಗೆ ತಗ್ಗು ಬಿದ್ದೀತು. ಮೂರು ಗಂಟೆಯಲ್ಲಿ ಭಾವನ ಮುಂದೆ ಸಿಕ್ಕಿಕೊಂಡ ಬ್ರಶ್ಶಿನ ಸಮೇತ ಈ ಕೊಳವೆಯನ್ನು ಹಿಡಿದು ನಿಲ್ಲುವುದೇ? ಸರಿಯಾಗಿ ಆಗಲೇ ಫೋನು ಹೊಡೆದುಕೊಂಡಿತು. ಭಾವ.

"ಏನಯ್ಯಾ ಭಾಮೈದ, ನನ್ನ ಕೋವಿಗೆ ಸ್ನಾನ ಆಯ್ತಾ? ಪೌಡರ್ ಗಿವ್ಡರ್ ಹಚ್ಚಬೇಡ ಮತ್ತೆ, ಹಂದಿಗಳು ಮನಸೋತು ಮದುವೆ ಆಗ್ತೀವಿ ಅಂದಾವು."

ಹಳೆಯ ತಮಾಷೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದದ್ದು. ಆದರೆ ಹೇಳುವ ದನಿಯಲ್ಲಿ ಜೀವವಿರಲಿಲ್ಲ. ಮಿಸ್ತ್ರಿ ಒಂದು ಕೈಯಲ್ಲಿ ಗಜ ಹಿಡಿದುಕೊಂಡೇ, ಆಗ್ತಾ ಇದೆ ಭಾವ, ನೀವು ಯೋಚನೆ ಮಾಡಬೇಡಿ ಎಂದ. ಭಾವ, ಇವತ್ತು ಹೋದರೆ ಹೋಗಲಿ ಬಿಡು, ಆ ಹೆಂಗಸಿಗೆ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು, ದಿನಾ ಅದೇ ಕನಸು ಬೀಳುತ್ತದೆ ಎಂದು ಹೇಳಿ ಫೋನಿಟ್ಟ. ಎರಡನೆಯ ಸಲವೂ ಮಿಸ್ತ್ರಿ ನಿಜ ಹೇಳಲಿಲ್ಲ. ಮೊದಲು ಇದನ್ನು ಬಿಡಿಸುತ್ತೇನೆ, ಆಮೇಲೆ ನೋಡೋಣ ಎಂದು ತನಗೆ ತಾನೇ ಸಬೂಬು ಹೇಳಿಕೊಂಡ.

ಸ್ಟವ್ ಹಚ್ಚಿ ಒಂದು ಬಕೆಟ್ ನೀರು ಕುದಿಸಿದ. ಬ್ರಶ್ ಸಿಕ್ಕಿಕೊಂಡ ಜಾಗಕ್ಕೆ ಟವೆಲ್ ಸುತ್ತಿ ಬಿಸಿನೀರು ಹೊಯ್ದ. ಹೊರಗಿನ ಉಕ್ಕು ಕಾದರೆ ಕೂದಲೆಳೆಯಷ್ಟಾದರೂ ಹಿಗ್ಗುತ್ತದೆ. ಮೇಲಿನಿಂದ ಎಣ್ಣೆ ಬಿಟ್ಟ. ಹೊಯ್ದ, ಕಾದ, ಮತ್ತೆ ಹೊಯ್ದ. ಮೂರನೆಯ ಸಲಕ್ಕೆ ಗಜದ ತುದಿಯನ್ನು ಅಂಗೈಯಲ್ಲಿ ಒತ್ತಿದಾಗ ಒಳಗೆ ಏನೋ ಜಗ್ಗಿದ ಹಾಗಾಯಿತು. ಇನ್ನೊಂದು ಒತ್ತು. ಬ್ರಶ್ ಕರ್ರೆಂದು ಸರಿದು ಆ ಬಾಯಿಂದ ಹೊರಬಿತ್ತು. ಅದರ ಜೊತೆಗೆ ಅಂಗೈಯುದ್ದದ ಸೀಸದ ಪಟ್ಟಿಯೊಂದು ಸುರುಳಿ ಸುತ್ತಿಕೊಂಡು ಬಂದಿತ್ತು. ಮಿಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತ. ಅಳು ಬಂದಂತಾಯಿತು, ಆದರೆ ಗ್ಲೌಸಿನ ತುಂಬ ಸೀಸ, ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಮೂರು ಗಂಟೆಗೆ ಬಟ್ಟೆ ಬೆಳ್ಳಗೆ ಬಂತು. ನಾರು ಎಲ್ಲೂ ತಡೆಯದೆ ಜಾರಿತು. ಒಳಗೆ ಒಂದು ತೊಟ್ಟು ಎಣ್ಣೆಯೂ ಉಳಿಯದಂತೆ ಒಣಬಟ್ಟೆ ಎಳೆದ, ಎಣ್ಣೆ ಇದ್ದರೆ ಮೊದಲ ಗುಂಡು ದಾರಿ ತಪ್ಪುತ್ತದೆ. ಬೆಳಕಿಗೆ ಹಿಡಿದ. ನಳಿಗೆ ಹೊಳೆಯುತ್ತಿರಲಿಲ್ಲ. ಮಂಕಾಗಿ, ಸಮನಾಗಿ, ಕಪ್ಪಾಗಿ ಇತ್ತು. ಅವನ ಅಂಗಡಿಯಿಂದ ಅಂಥ ನಳಿಗೆ ಹೊರಗೆ ಹೋದದ್ದು ಅದೇ ಮೊದಲು.

ಪರೀಕ್ಷೆ ಇದ್ದದ್ದು ಊರಾಚೆಯ ಹಳೆಯ ಕಲ್ಲಿನ ಕ್ವಾರಿಯಲ್ಲಿ. ಮೂರು ಕಡೆ ಬಂಡೆ, ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ. ಕಚೇರಿಯ ಅಧಿಕಾರಿ ಐವತ್ತು ದಾಟಿದ ಹೆಂಗಸು, ಮಾತು ಕಮ್ಮಿ, ಕೈಯಲ್ಲಿ ರಿಜಿಸ್ಟರ್. ಮಡಚುವ ಮೇಜಿನ ಮೇಲೆ ಐದು ತೋಟಾಗಳನ್ನು ಸಾಲಾಗಿ ನಿಲ್ಲಿಸಿ ನಿಯಮ ಓದಿದಳು. ಹೊಡೆಯುವವನ ಜೊತೆ ಯಾರೂ ಮಾತಾಡಬಾರದು. ಗುಂಡು ಬಿದ್ದ ಜಾಗವನ್ನು ಅವನಿಗೆ ಹೇಳುವುದಿಲ್ಲ, ಒಳಗೆ ಅಥವಾ ಹೊರಗೆ ಎಂದಷ್ಟೇ ಕೂಗುತ್ತಾರೆ. ಪರೀಕ್ಷೆ ನಿಲ್ಲಿಸುವ ಹಕ್ಕು ಕೋವಿಗೆ ಮೊಹರು ಹಾಕಿದ ಮಿಸ್ತ್ರಿಗೊಬ್ಬನಿಗೇ, ಅದೂ ಕೋವಿಯ ದೋಷದ ಮಾತಿದ್ದರೆ. ಹಾಗೆ ನಿಲ್ಲಿಸಿದರೆ ಏನು ದೋಷ ಎಂದು ರಿಜಿಸ್ಟರಿನಲ್ಲಿ ಬರೆದು, ಹೊಡೆಯುವವನಿಗೆ ಕೇಳುವಂತೆ ಓದಬೇಕು.

ಭಾವ ಇಳಿದುಹೋಗಿದ್ದ. ಅಂಗಿಯ ಕಾಲರ್ ಕುತ್ತಿಗೆಗೆ ದೊಡ್ಡದಾಗಿತ್ತು. ನಳಿಗೆಯನ್ನು ಇಸಿದುಕೊಂಡು, ಒಳಗೆ ನೋಡದೆಯೇ ಜೋಡಿಸಿದ. ಭಾಮೈದನ ಕೈಯಿಂದ ಬಂದದ್ದನ್ನು ನೋಡುವುದೇನು ಎನ್ನುವ ಹಾಗೆ. ಅಕ್ಕ ಜೀಪಿನ ಪಕ್ಕ ಎರಡೂ ಕೈ ಬಿಗಿಹಿಡಿದು ನಿಂತಿದ್ದಳು. ಮಿಸ್ತ್ರಿ ದುರ್ಬೀನು ಕಣ್ಣಿಗಿಟ್ಟುಕೊಂಡ.

ಮೊದಲ ಗುಂಡು. ಬಂಡೆಗಳೆಲ್ಲ ಗುಡುಗಿದವು. ಅಧಿಕಾರಿ, ಹೊರಗೆ ಎಂದಳು.

ಮಿಸ್ತ್ರಿಗೆ ತಾನು ಕೇಳಿದ್ದು ನಂಬಲಾಗಲಿಲ್ಲ. ದುರ್ಬೀನಿನಲ್ಲಿ ನೋಡಿದ. ರಂಧ್ರ ವೃತ್ತದ ಎಡಕ್ಕೆ, ಗೇಣುದ್ದ ಆಚೆ ಬಿದ್ದಿತ್ತು. ಎಲ್ಲೋ ಸೀಸ ಉಳಿಯಿತೇ? ಬಟ್ಟೆ ಬೆಳ್ಳಗೆ ಬಂದಿತ್ತಲ್ಲ. ಅಥವಾ, ದೇವರೇ, ನಿಜವಾಗಿಯೂ ಕಣ್ಣೇ ಹೋಗಿದೆಯೇ? ಒಂದು ಕ್ಷಣ, ಒಂದೇ ಕ್ಷಣ, ಹಾಗಿದ್ದರೆ ತಪ್ಪು ತನ್ನದಲ್ಲವಲ್ಲ ಎಂದು ಅವನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಮರುಕ್ಷಣವೇ ತನ್ನ ಮೇಲೇ ಹೇಸಿಗೆಯಾಯಿತು.

ಎರಡನೆಯ ಗುಂಡು. ಹೊರಗೆ. ಈ ಸಲ ಇನ್ನೂ ಎರಡು ಬೆರಳು ಎಡಕ್ಕೆ. ಆದರೆ ಎತ್ತರ ಒಂದೇ. ಎರಡೂ ರಂಧ್ರಗಳು ವೃತ್ತದ ನಡುಬಿಂದುವಿನ ನೇರಕ್ಕೆ ಸ್ಕೇಲಿನಿಂದ ಗೆರೆ ಎಳೆದು ಇಟ್ಟ ಹಾಗಿದ್ದವು. ಮಿಸ್ತ್ರಿ ದುರ್ಬೀನು ಇಳಿಸಿ ಭಾವನ ಬೆನ್ನು ನೋಡಿದ. ಕಣ್ಣು ಹೋದವನ ಗುಂಡು ಹಾಗೆ ಬೀಳುವುದಿಲ್ಲ. ಸೀಸ ಮೆತ್ತಿದ ನಳಿಗೆಯ ಗುಂಡೂ ಹಾಗೆ ಬೀಳುವುದಿಲ್ಲ. ಇದು ಬೇಕೆಂದೇ ಎಡಕ್ಕೆ ಹೊಡೆದದ್ದು. ಹಿಂದೆ ತಪ್ಪಿದ ಮೂರೂ ಗುಂಡು ಆಕಸ್ಮಿಕವಾಗಿ ಬಲಕ್ಕೇ ಹೋಗಿದ್ದವು, ಡೈರಿ ಇದ್ದದ್ದೂ ಬಲಕ್ಕೆ. ತನ್ನ ಕಣ್ಣು ಬಲಕ್ಕೆ ಎಳೆಯುತ್ತದೆ ಎಂದು ಭಾವ ನಂಬಿಕೊಂಡಿದ್ದಾನೆ. ಮೂರು ತಿಂಗಳು ಗೋಡೆಯ ಮುಂದೆ ಕೂತು, ಗುರಿಯಿಂದ ಗೇಣುದ್ದ ಎಡಕ್ಕೆ ಹಿಡಿಯುವುದನ್ನು ಕಲಿತಿದ್ದಾನೆ. ಈಗ ಹೊರಗೆ ಎಂದು ಕೇಳಿದಾಗಲೆಲ್ಲ ಗುಂಡು ಇನ್ನೂ ಬಲಕ್ಕೇ ಹೋಯಿತು ಎಂದುಕೊಂಡು ಇನ್ನಷ್ಟು ಎಡಕ್ಕೆ ಸರಿಯುತ್ತಿದ್ದಾನೆ. ನಳಿಗೆ ಸರಿಹೋಗಿದೆ ಎಂದು ಅವನಿಗೆ ಹೇಳಿದವರಾರು? ಹಾಳಾಗಿತ್ತು ಎಂದೇ ಯಾರೂ ಹೇಳಿರಲಿಲ್ಲ.

ಇನ್ನುಳಿದದ್ದು ಮೂರು ಗುಂಡು. ಮೂರೂ ಒಳಗೆ ಬೀಳಬೇಕು. ಭಾವ ಮೂರನೆಯ ತೋಟಾ ತುಂಬಿ ಕೋವಿ ಮುಚ್ಚಿದ. ಹೆಗಲಿಗೆ ಏರಿಸಿದ. ತುದಿ ಮೆಲ್ಲಗೆ ಎಡಕ್ಕೆ ಸರಿಯಿತು.

"ನಿಲ್ಲಿಸಿ," ಎಂದ ಮಿಸ್ತ್ರಿ.

ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. ಭಾವ ಕೋವಿ ಇಳಿಸಿ, ನಡುವೆ ಮಡಚಿ ತೆರೆದು ಹಿಡಿದ, ತಿರುಗಿ ನೋಡಲಿಲ್ಲ. ಅಧಿಕಾರಿ ಕೋವಿಯಲ್ಲಿ ದೋಷವಿದೆಯೇ ಎಂದು ಕೇಳಿದಳು. ಮಿಸ್ತ್ರಿ, ಈಗ ಇಲ್ಲ, ಮೊದಲು ಇತ್ತು ಎಂದ. ಹಾಗಾದರೆ ಹೊಡೆದ ಎರಡು ಗುಂಡು ಲೆಕ್ಕಕ್ಕೆ ಸೇರಿಯೇ ಇರುತ್ತವೆ, ಬರೆಯುವುದಿದ್ದರೆ ಬರೆಯಿರಿ ಎಂದು ಅವಳು ರಿಜಿಸ್ಟರ್ ತಿರುಗಿಸಿ ಪೆನ್ನು ಕೊಟ್ಟಳು. ಮಿಸ್ತ್ರಿ ಐದೇ ಸಾಲು ಬರೆದ. ಭಾವನ ಬೆನ್ನಿಗೆ ಮುಖಮಾಡಿ ಗಟ್ಟಿಯಾಗಿ ಓದಿದ.

"ಈ ಕೋವಿಯ ನಳಿಗೆಯಲ್ಲಿ ಸೀಸ ಮೆತ್ತಿಕೊಂಡಿತ್ತು. ಅದರಿಂದಲೇ ಗುಂಡುಗಳು ತಪ್ಪಿದವು. ಮೂರು ತಿಂಗಳ ಹಿಂದೆ ನಾನು ಹೊಳಪು ನೋಡಿ ದೋಷವಿಲ್ಲ ಎಂದು ಬರೆದದ್ದು ತಪ್ಪು. ಇವತ್ತು ಸೀಸವನ್ನೆಲ್ಲ ತೆಗೆದಿದ್ದೇನೆ. ಈಗ ಹಿಡಿದ ಕಡೆಗೇ ಗುಂಡು ಹೋಗುತ್ತದೆ."

ಜೀಪಿನ ಕಡೆಯಿಂದ ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. ಭಾವ ಆಗಲೂ ತಿರುಗಲಿಲ್ಲ. ಒಂದು ನಿಮಿಷವೋ, ಇನ್ನೂ ಹೆಚ್ಚೋ, ತಲೆ ತಗ್ಗಿಸಿ ಕಾಲ ಬುಡದ ಜಲ್ಲಿ ನೋಡುತ್ತ ನಿಂತಿದ್ದ. ಅವನ ಹೆಗಲು ಒಂದು ಸಲ ಏರಿ ಇಳಿಯಿತು. ಆಮೇಲೆ ಕೋವಿ ಮುಚ್ಚಿ ಹೆಗಲಿಗೆ ಕೊಟ್ಟುಕೊಂಡ. ಕೋವಿಯ ತುದಿ ಎಡಕ್ಕೆ ಹೋಗಿ, ತಡೆದು, ಬಲವಂತವಾಗಿ ಹಿಂದಕ್ಕೆ ಬಂತು. ಮೂರು ತಿಂಗಳ ಅಭ್ಯಾಸ ಒಂದು ಮಾತಿಗೆ ಹೋಗುವಂಥದ್ದಲ್ಲ. ಮತ್ತೆ ಎಡಕ್ಕೆ ಸರಿಯಿತು, ಮತ್ತೆ ಬಂತು. ನಿಂತಿತು.

ಒಳಗೆ, ಎಂದಳು ಅಧಿಕಾರಿ.

ನಾಲ್ಕನೆಯದೂ ಒಳಗೆ. ಐದನೆಯ ತೋಟಾ ಭಾವನ ಬೆರಳಿಂದ ಜಾರಿ ಜಲ್ಲಿಯ ಮೇಲೆ ಬಿತ್ತು. ಬಗ್ಗಿ ಎತ್ತಿಕೊಂಡು, ಅಂಗಿಗೆ ಒರೆಸಿ, ತುಂಬಿದ. ಮಿಸ್ತ್ರಿ ದುರ್ಬೀನು ಎತ್ತಲೇ ಇಲ್ಲ, ಕಣ್ಣು ಮುಚ್ಚಿಕೊಂಡಿದ್ದ. ಗುಂಡಿನ ಸದ್ದು ಬಂಡೆಯಿಂದ ಬಂಡೆಗೆ ಹೊಡೆದು ಅಡಗಿದ ಮೇಲೂ ಅಧಿಕಾರಿ ಮಾತಾಡಲಿಲ್ಲ. ಹಲಗೆಯವರೆಗೆ ನಡೆದುಹೋಗಿ, ವೃತ್ತದ ಗೆರೆಯ ಮೇಲೆ ಬೆರಳಾಡಿಸಿ ನೋಡಿ, ಅಲ್ಲಿಂದಲೇ ಕೈ ಎತ್ತಿದಳು. ಒಳಗೆ.

ಅಕ್ಕ ಜೀಪಿಗೆ ಒರಗಿಕೊಂಡು ಅತ್ತಳು. ಅಧಿಕಾರಿ ಮೇಜಿಗೆ ಬಂದು ರಿಜಿಸ್ಟರಿಗೆ ಸಹಿ ಮಾಡಿ, ಮಿಸ್ತ್ರಿಯ ಮುಂದೆ ಅಂಗೈ ಚಾಚಿದಳು. ಅವನು ಜೇಬಿನಿಂದ ಮೊಹರು ತೆಗೆದು ಕೊಟ್ಟ. ನೀವು ಮೊಹರು ಹಾಕಿದ ಕೋವಿಗಳನ್ನೆಲ್ಲ ಬೇರೆಯವರ ಕೈಲಿ ಮತ್ತೊಮ್ಮೆ ನೋಡಿಸಬೇಕಾಗುತ್ತದೆ ಎಂದು ಅವಳು ಹೇಳಿದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಳು. ಅವನು ಆಗಲಿ ಎಂದ.

ಭಾವ ಕೋವಿಯನ್ನು ನಡುವೆ ಮಡಚಿ ತೋಳಿಗೆ ಹಾಕಿಕೊಂಡು ಅವನ ಬಳಿ ಬಂದ.

"ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ ಹತ್ತಕ್ಕೆ ಭಾವ."

"ಅಂದ್ರೆ ನಾನು ಫೋನ್ ಮಾಡಿದಾಗ ಗೊತ್ತಿತ್ತು."

"ಗೊತ್ತಿತ್ತು."

ಬೈಯುತ್ತಾನೆ ಎಂದು ಮಿಸ್ತ್ರಿ ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಕೆನ್ನೆಗೆ ಎರಡು ಬಿಟ್ಟಿದ್ದರೂ ತಿನ್ನಲು ತಯಾರಿದ್ದ. ಭಾವ ಬೈಯಲಿಲ್ಲ. ಬಂಡೆಯ ಕಡೆಗೆ ನೋಡುತ್ತ, ಮಾಮೂಲಿ ದನಿಯಲ್ಲೇ ಹೇಳಿದ.

"ಇಬ್ಬರು ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ. ನಿಮ್ಮಕ್ಕನಿಗೂ ಹೇಳಿರ್ಲಿಲ್ಲ. ಇಬ್ಬರೂ ಕಣ್ಣು ಚೆನ್ನಾಗಿದೆ, ಏನೂ ತೊಂದರೆ ಇಲ್ಲ ಅಂದ್ರು. ಇವರಿಗೇನು ಗೊತ್ತು ಅಂತ ಬೈಕೊಂಡು ಎದ್ದು ಬಂದೆ. ನೀನು ಕೋವಿ ಸರಿ ಇದೆ ಅಂದಿದ್ಯಲ್ಲ."

ಮಿಸ್ತ್ರಿಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಅನ್ನುವ ಮಾತು ಬಾಯಲ್ಲಿ ಬಹಳ ಸಣ್ಣದಾಗಿ ಕಂಡಿತು. ಆದರೂ ಅಂದ, ಅನ್ನದೆ ಬೇರೆ ದಾರಿಯಿರಲಿಲ್ಲ. ಭಾವ ಜೀಪಿನ ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ, ನಳಿಗೆ ಕಳಚಿ ಇಟ್ಟ.

"ಬಾ, ಇದನ್ನ ಹೇಗೆ ಕ್ಲೀನ್ ಮಾಡೋದು ಅಂತ ತೋರಿಸು. ಇನ್ಮೇಲೆ ನಾನೇ ಮಾಡ್ಕೋತೀನಿ."

ಮಿಸ್ತ್ರಿ ಪೆಟ್ಟಿಗೆ ತೆರೆದ. ಎಣ್ಣೆ ಎಷ್ಟು ಹೊತ್ತು ನಿಲ್ಲಬೇಕು, ನಾರನ್ನು ಎಷ್ಟು ಬಿಗಿಯಾಗಿ ಸುತ್ತಬೇಕು, ಎಷ್ಟಕ್ಕಿಂತ ಹೆಚ್ಚು ಸುತ್ತಿದರೆ ಸಿಕ್ಕಿಕೊಳ್ಳುತ್ತದೆ, ಬಟ್ಟೆಯ ಮೇಲೆ ಬಂದದ್ದು ಮಸಿಯೋ ಸೀಸವೋ ಎಂದು ಕಾಗದದ ಮೇಲೆ ಎಳೆದು ಹೇಗೆ ತಿಳಿಯಬೇಕು, ಒಂದನ್ನೂ ಮುಚ್ಚಿಡದೆ ಹೇಳಿಕೊಟ್ಟ. ಗಜವನ್ನು ಭಾವನ ಕೈಗೆ ಕೊಟ್ಟು, ಅವನ ಕೈ ಮೇಲೆ ತನ್ನ ಕೈ ಇಟ್ಟು ಎಳೆತ ತೋರಿಸಿದ. ಭಾವ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡ, ಮತ್ತೊಮ್ಮೆ ಕೇಳಲು ಅಂಗಡಿಗೆ ಬರುವ ಪ್ರಸಂಗ ಬಾರದ ಹಾಗೆ.